ಕಟಕಟ ಅಂದ ಪಲ್ಸರ್: ಹೊಸ ಬ್ಯಾಟರಿ ಹಾಕಿದ್ದು, ಹಳೆಯದನ್ನು ತಿಂದದ್ದು ಯಾವುದು ಅಂತ ಹುಡುಕಿದ್ದು

ಸೆಲ್ಫ್ ಒತ್ತಿದರೆ ಇಂಜಿನ್ ತಿರುಗುತ್ತಿಲ್ಲ, ಸೀಟಿನ ಕೆಳಗಿಂದ ಕಟಕಟಕಟ ಅಂತ ಸದ್ದು ಮಾತ್ರ. ಗಾಡಿ ಪಲ್ಸರ್ 150, ಕಾರ್ಬ್ಯುರೇಟರ್ ಕಾಲದ್ದು. ಅಪ್ಪನದು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮೂರಲ್ಲಿ ಇರುತ್ತದೆ. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಜೂನ್ ಶುರುವಾದರೆ ಅಪ್ಪ ಬಸ್ಸಿಗೆ, ಬೈಕು ಶೆಡ್ಡಿಗೆ. ನಡುವೆ ಮಳೆ ಹೊಳವಾದಾಗ ಡೇರಿಗೆ ಹಾಲು ಕೊಟ್ಟು ಬರಲು ಒಮ್ಮೊಮ್ಮೆ ತೆಗೆದಿದ್ದಾರೆ, ಅದೂ ಒಂದೆರಡು ಕಿಲೋಮೀಟರ್ ಅಷ್ಟೇ.

ನಾನು ಗಾಡಿ ಓಡಿಸುವವನೇ ಹೊರತು ಬಿಚ್ಚುವವನಲ್ಲ. ಸೈಡ್ ಕವರ್ ಒಳಗೆ ಏನಿದೆ ಅಂತ ಇಣುಕಿ ನೋಡಿದ್ದೂ ಇಲ್ಲ. ಊರಿನ ಗ್ಯಾರೇಜಿನ ಅಣ್ಣನಿಗೆ ಫೋನ್ ಮಾಡಿದರೆ ಗಾಡಿ ನೋಡದೇನೇ "ಬ್ಯಾಟ್ರಿ ಹೋಗಿದೆ, ಹೊಸದು ಹಾಕ್ಸಿ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು ಅಂತ ಆಮೇಲೆ ಗೊತ್ತಾಯಿತು, ಆದರೆ ಬ್ಯಾಟರಿ ಯಾಕೆ ಹೋಯಿತು ಅನ್ನುವುದು ಫೋನಿನಲ್ಲಿ ಗೊತ್ತಾಗುವ ವಿಷಯವಲ್ಲ. ಅದನ್ನು ತಿಳಿಯದೆ ಹೊಸದು ಹಾಕಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಟಕಟ.

ಈ ಸದ್ದು ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಸೆಲ್ಫ್ ಮೋಟಾರಿಗೆ ಸಿಕ್ಕಾಪಟ್ಟೆ ಕರೆಂಟ್ ಬೇಕು. ಅಷ್ಟನ್ನೂ ಹ್ಯಾಂಡಲ್ ಮೇಲಿನ ಸಣ್ಣ ಸ್ವಿಚ್ಚಿನಲ್ಲಿ ಹರಿಸಿದರೆ ಸ್ವಿಚ್ ಸುಟ್ಟುಹೋಗುತ್ತದೆ. ಅದಕ್ಕೇ ನಡುವೆ ಒಂದು ರಿಲೇ ಇರುತ್ತದೆ. ಸ್ವಿಚ್ ಒತ್ತಿದಾಗ ರಿಲೇ ಒಳಗಿನ ಕಾಯಿಲ್‌ಗೆ ಸ್ವಲ್ಪ ಕರೆಂಟ್ ಹೋಗಿ ಅದು ದೊಡ್ಡ ಸಂಪರ್ಕವನ್ನು ಎಳೆದು ಕೂಡಿಸುತ್ತದೆ. ಬ್ಯಾಟರಿ ನಿಶ್ಶಕ್ತವಾಗಿದ್ದರೆ ಮೋಟಾರ್ ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಕುಸಿದಾಗ ಕಾಯಿಲ್ ಕೈಬಿಡುತ್ತದೆ, ಕೈಬಿಟ್ಟ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ, ಕಾಯಿಲ್ ಮತ್ತೆ ಎಳೆಯುತ್ತದೆ. ಇದು ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ನಡೆದರೆ ಅದೇ ಕಟಕಟ. ಅಂದರೆ ಈ ಸದ್ದು ಬಂದರೆ ಸ್ವಿಚ್, ಕಾಯಿಲ್ ಎರಡೂ ಬದುಕಿವೆ ಅಂತಲೂ ಅರ್ಥ. ಒಂದೇ ಸಲ ಟಕ್ ಅಂದು ಸುಮ್ಮನಾದರೆ ಕಥೆ ಬೇರೆ, ಆಗ ರಿಲೇಯ ಸಂಪರ್ಕವನ್ನೋ ಮೋಟಾರನ್ನೋ ಅನುಮಾನಿಸಬೇಕು.

ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಹಾಗಾಗಿ ಅಪ್ಪನಿಗೆ ಇದು ದೊಡ್ಡ ತೊಂದರೆ ಅನಿಸಿರಲೇ ಇಲ್ಲ. ಕಾರ್ಬ್ಯುರೇಟರ್ ಗಾಡಿಯಲ್ಲಿ ಈ ಅನುಕೂಲ ಉಂಟು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು, ಅವುಗಳಲ್ಲಿ ಪೆಟ್ರೋಲ್ ಪಂಪ್ ತಿರುಗುವುದಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ಅಂಥ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ.

ಮೊದಲು ಮೀಟರ್

ಹಳದಿ ಬಣ್ಣದ ಸಣ್ಣ ಮಲ್ಟಿಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮುನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಇಡೀ ಕೆಲಸದಲ್ಲಿ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಕಪ್ಪು ವೈರನ್ನು ಕಾಮ್ ಅಂತ ಬರೆದಿರುವ ತೂತಿಗೆ, ಕೆಂಪನ್ನು ವೋಲ್ಟ್ ಅಂತ ಬರೆದಿರುವ ತೂತಿಗೆ ಹಾಕಿ. ತಿರುಗಿಸುವ ಗುಂಡಿಯನ್ನು ಡಿಸಿ 20 ವೋಲ್ಟಿಗೆ ಇಡಿ. 10 ಆಂಪಿಯರ್ ಅಂತ ಇನ್ನೊಂದು ತೂತು ಇರುತ್ತದೆ, ವೋಲ್ಟೇಜ್ ನೋಡುವಾಗ ಅದರ ಸುದ್ದಿಗೆ ಹೋಗಬೇಡಿ. ಕೆಂಪು ವೈರ್ ಅಲ್ಲಿದ್ದಾಗ ಮೀಟರ್ ಒಂದು ದಪ್ಪ ತಂತಿಗೆ ಸಮ. ಅದನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮುಟ್ಟಿಸಿದರೆ ನೇರ ಶಾರ್ಟ್.

12 ವೋಲ್ಟಿನ ಬ್ಯಾಟರಿ ಅಂತ ಕರೆದರೂ ಒಳಗಿರುವುದು ಆರು ಸೆಲ್, ಒಂದೊಂದು ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6ರಿಂದ 12.8ರವರೆಗೆ ತೋರಿಸಬೇಕು. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ನೋಡೋದಕ್ಕೆ ವ್ಯತ್ಯಾಸ ಸುಮಾರು ಅರ್ಧ ವೋಲ್ಟ್ ಅಷ್ಟೇ, ಅದಕ್ಕೇ "12 ತೋರಿಸ್ತಿದೆ, ಚೆನ್ನಾಗೇ ಇದೆ" ಅಂತ ಬಹಳ ಜನ ಅಂದುಕೊಳ್ಳುತ್ತಾರೆ. 12.0 ಅಂದರೆ ಬ್ಯಾಟರಿ ಕಾಲು ಭಾಗಕ್ಕೆ ಬಂದಿದೆ. ನಮ್ಮದು 11.7 ತೋರಿಸಿತು. ಅಪ್ಪನಿಗೆ ಸೆಲ್ಫ್ ಒತ್ತಿ ಅಂದೆ. ಕಟಕಟ ಶುರುವಾದ ಕೂಡಲೇ ಮೀಟರಿನ ಅಂಕಿ ಏಳರ ಹತ್ತಿರ ಕುಣಿಯತೊಡಗಿತು. ಸೆಲ್ಫ್ ತಿರುಗುವಾಗ ಒಳ್ಳೆ ಬ್ಯಾಟರಿ ಹತ್ತರ ಆಸುಪಾಸಿನಲ್ಲಾದರೂ ನಿಲ್ಲಬೇಕು.

ಇಷ್ಟಕ್ಕೇ ಅಂಗಡಿಗೆ ಓಡಬಾರದು. ಟರ್ಮಿನಲ್ ಸಡಿಲ ಇದ್ದರೂ, ಅದರ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೂ ಸೆಲ್ಫಿನದು ಇದೇ ನಾಟಕ. ಇದನ್ನು ಹಿಡಿಯುವುದಕ್ಕೆ ಒಂದು ಸುಲಭದ ಉಪಾಯ ಇದೆ. ಮೀಟರಿನ ಕಡ್ಡಿಯನ್ನು ಮೊದಲು ಬ್ಯಾಟರಿಯ ಸೀಸದ ಟರ್ಮಿನಲ್‌ಗೇ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ, ಆಮೇಲೆ ಅದಕ್ಕೆ ಬಿಗಿದ ವೈರಿನ ಕಿವಿಗೆ, ಅಂದರೆ ತುದಿಯ ಲೋಹದ ಬಳೆಗೆ, ಹಿಡಿದು ಹೊಡೆಸಿ. ಎರಡು ಕಡೆಯ ಅಂಕಿ ಒಂದೇ ಇದ್ದರೆ ಸಂಪರ್ಕ ಸರಿ ಇದೆ. ಟರ್ಮಿನಲ್ ಮೇಲೆ 12 ನಿಂತು ವೈರಿನ ಕಿವಿಯಲ್ಲಿ ಮಾತ್ರ ಕುಸಿದರೆ ನಿಮ್ಮ ದುಡ್ಡು ಉಳಿಯಿತು, ಉಜ್ಜಿ ಬಿಗಿ ಮಾಡಿದರೆ ಸಾಕು. ನಮ್ಮದರಲ್ಲಿ ಎರಡು ಕಡೆಯೂ ಕುಸಿಯುತ್ತಿತ್ತು.

ಬಿಚ್ಚುವುದು

ಬೇಕಾದದ್ದು 10ರ ಸ್ಪ್ಯಾನರ್, ಒಂದು ಸ್ಟಾರ್ ಸ್ಕ್ರೂಡ್ರೈವರ್, ಹಳೇ ಹಲ್ಲುಜ್ಜುವ ಬ್ರಶ್, ಅಡುಗೆ ಸೋಡಾ, ವ್ಯಾಸಲಿನ್. ಕೆಲವು ಗಾಡಿಯ ಟರ್ಮಿನಲ್ ಬೋಲ್ಟಿಗೆ 8ರ ಸ್ಪ್ಯಾನರ್ ಬೇಕಾಗುತ್ತದೆ. ಕೀ ಆಫ್ ಮಾಡಿ ತೆಗೆದು ಜೇಬಿಗೆ ಹಾಕಿಕೊಂಡೆ. ಸೀಟ್ ತೆಗೆದು ಸೈಡ್ ಕವರ್ ಬಿಚ್ಚಿದೆ. ಸೈಡ್ ಕವರಿನ ಹಿಂದೆ ಸಣ್ಣ ಗೂಟಗಳಿರುತ್ತವೆ, ರಬ್ಬರಿನ ತೂತಿನಲ್ಲಿ ಕೂತಿರುತ್ತವೆ. ಹಳೇ ಗಾಡಿಯಲ್ಲಿ ರಬ್ಬರ್ ಗಟ್ಟಿಯಾಗಿರುತ್ತದೆ, ಒಂದು ಮೂಲೆ ಹಿಡಿದು ಜಗ್ಗಿದರೆ ಗೂಟ ಮುರಿಯುತ್ತದೆ. ಗೂಟದ ಪಕ್ಕದಲ್ಲೇ ಬೆರಳಿಟ್ಟು ನೇರವಾಗಿ ಎಳೆಯಬೇಕು. ಬಿಸಿಲಿಗೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಇನ್ನೂ ಸಲೀಸು.

ಬಿಚ್ಚುವ ಮೊದಲು ಮೂರ್ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿಂದ ಬಂದು ಎಲ್ಲಿ ಸೇರಿದೆ, ಪ್ಲಸ್ ಯಾವ ಪಕ್ಕ ಇದೆ, ರಬ್ಬರ್ ಪಟ್ಟಿ ಎಲ್ಲಿ ಸಿಕ್ಕಿಸಿದೆ, ಎಲ್ಲ ಕಾಣಬೇಕು. ಆ ಫೋಟೋ ನೋಡುವಾಗಲೇ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಪ್ಲಸ್ ಟರ್ಮಿನಲ್ ಬೋಲ್ಟಿನಲ್ಲಿ ಗಾಡಿಯ ಮೂಲ ವೈರುಗಳ ಜೊತೆ ತೆಳ್ಳಗಿನ ಇನ್ನೊಂದು ಕೆಂಪು ವೈರು. ಅದರ ತುದಿಗೆ ಸರಿಯಾದ ಕಿವಿ ಕೂಡ ಇಲ್ಲ, ತಾಮ್ರದ ಎಳೆಗಳನ್ನು ಹೊಸೆದು ಬೋಲ್ಟಿಗೆ ಸುತ್ತಿದ್ದಾರೆ. ಅದು ಟ್ಯಾಂಕಿನ ಕೆಳಗೆ ಹಾದು ಹ್ಯಾಂಡಲ್ ಕಡೆ ಹೋಗಿತ್ತು. "ಅದಾ, ಮೊಬೈಲ್ ಚಾರ್ಜರ್‌ದು, ಹೋದ ವರ್ಷ ಹಾಕಿಸಿದ್ದೆ" ಅಂದರು ಅಪ್ಪ. ಸದ್ಯಕ್ಕೆ ಅದನ್ನು ಅಲ್ಲಿಗೇ ಬಿಟ್ಟೆ.

ಬಿಚ್ಚುವ ಕ್ರಮ ಎಲ್ಲರೂ ಹೇಳುತ್ತಾರೆ, ಕಾರಣ ಹೇಳುವವರು ಕಡಿಮೆ. ಮೊದಲು ಮೈನಸ್, ಆಮೇಲೆ ಪ್ಲಸ್. ಬೈಕಿನ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಸೇರಿಕೊಂಡಿದೆ. ಮೈನಸ್ ಹಾಗೇ ಇಟ್ಟು ಪ್ಲಸ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದಿರಿ ಅಂದುಕೊಳ್ಳಿ. ಜಾಗ ಇಕ್ಕಟ್ಟು, ಸ್ಪ್ಯಾನರಿನ ಇನ್ನೊಂದು ತುದಿ ಚಾಸಿಗೆ ತಾಗಿಯೇ ತಾಗುತ್ತದೆ. ತಾಗಿದರೆ ಬ್ಯಾಟರಿಯ ಅಷ್ಟೂ ಕರೆಂಟ್ ಸ್ಪ್ಯಾನರಿನಲ್ಲಿ ಹರಿದು ಕಿಡಿ ಹಾರುತ್ತದೆ, ಬೆರಳಲ್ಲಿ ಉಂಗುರ ಇದ್ದರೆ ಅದೂ ಕಾಯುತ್ತದೆ. ಮೈನಸ್ ಮೊದಲೇ ತೆಗೆದಿಟ್ಟರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಏನೂ ಆಗದು, ಕರೆಂಟಿಗೆ ವಾಪಸ್ ಬರುವ ದಾರಿಯೇ ಇಲ್ಲ. ಜೋಡಿಸುವಾಗ ಇದರ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಉಂಗುರ, ವಾಚು ತೆಗೆದಿಟ್ಟೇ ಕೂರಬೇಕು.

ಬೋಲ್ಟ್ ಬಿಚ್ಚಿದಾಗ ಟರ್ಮಿನಲ್ ಒಳಗಿನ ಸಣ್ಣ ಚೌಕ ನಟ್ಟನ್ನು ಹಿಡಿದಿಡಿ. ಅದು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಸುಮ್ನೆ ಗೂಡಿನಲ್ಲಿ ಕೂತಿರುತ್ತದೆ. ಬಿದ್ದರೆ ಬ್ಯಾಟರಿ ಪೆಟ್ಟಿಗೆಯ ತಳಕ್ಕೋ ಇಂಜಿನ್ ಮೇಲಕ್ಕೋ ಹೋಗಿ ಸೇರುತ್ತದೆ, ಸಂಜೆವರೆಗೆ ಟಾರ್ಚ್ ಹಿಡಿದು ಹುಡುಕಬೇಕು. ಗಾಡಿ ಕೆಳಗೆ ಒಂದು ಹಳೇ ಬಟ್ಟೆ ಹಾಸಿಟ್ಟರೆ ಒಳ್ಳೆಯದು.

ವೈರಿನ ಕಿವಿಗಳ ಮೇಲೆ ಸ್ವಲ್ಪ ಬಿಳಿ ಪುಡಿ ಇತ್ತು. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಬ್ರಶ್ಶಿನಲ್ಲಿ ಹಚ್ಚಿದರೆ ನೊರೆ ಬರುತ್ತದೆ, ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಆ ಪುಡಿಯಲ್ಲೂ ಆಸಿಡ್ ಇರುತ್ತದೆ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಒಳ್ಳೆ ಪ್ಯಾಂಟ್ ಹಾಕಿಕೊಂಡು ಕೂರಬೇಡಿ. ಹತ್ತಿ ಬಟ್ಟೆಗೆ ತಾಗಿದ ಆಸಿಡ್ ಆಗ ಕಾಣುವುದಿಲ್ಲ, ಮುಂದಿನ ಒಗೆತಕ್ಕೆ ತೂತು ಬೀಳುತ್ತದೆ.

ಚಾರ್ಜ್ ಮಾಡಿ ನೋಡಿದ್ದು

ಸಾಗರದಲ್ಲಿ ಬ್ಯಾಟರಿ ಅಂಗಡಿಗೆ ಹಳೆಯದನ್ನೇ ಒಯ್ದೆ, ಹೊಸದು ಕೊಳ್ಳುವುದಕ್ಕಲ್ಲ, ಚಾರ್ಜಿಗೆ. ಖಾಲಿಯಾದ ಬ್ಯಾಟರಿ ಎಲ್ಲವೂ ಸತ್ತಿರುವುದಿಲ್ಲ. ನಮ್ಮದರ ಮೇಲೆ 12 ವೋಲ್ಟ್, 9 ಎಎಚ್ ಅಂತ ಇತ್ತು. ಎಎಚ್ ಅಂದರೆ ಆಂಪಿಯರ್-ಗಂಟೆ, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ. ಇಂಥವನ್ನು ನಿಧಾನಕ್ಕೆ ಚಾರ್ಜ್ ಮಾಡಬೇಕು, ಎಎಚ್‌ನ ಹತ್ತನೇ ಒಂದು ಭಾಗ, ಅಂದರೆ 0.9 ಆಂಪಿಯರ್ ಲೆಕ್ಕದಲ್ಲಿ ಹತ್ತು ಹನ್ನೆರಡು ಗಂಟೆ. ಅವಸರಕ್ಕೆ ಕಾರಿನ ದೊಡ್ಡ ಚಾರ್ಜರಿಗೆ ಹಾಕಿ ಒಂದೇ ಗಂಟೆಯಲ್ಲಿ ಕೊಡುವವರೂ ಇದ್ದಾರೆ. ಸಣ್ಣ ಬ್ಯಾಟರಿ ಅದಕ್ಕೆ ಬಿಸಿಯಾಗಿ ಇನ್ನೂ ಬೇಗ ಹಾಳಾಗುತ್ತದೆ.

ಮಾರನೇ ದಿನ ತಂದೆ. ಅಂಗಡಿಯಲ್ಲಿ ನೋಡಿದಾಗ ಹದಿಮೂರರ ಹತ್ತಿರ ಇತ್ತು. ಚಾರ್ಜರಿನಿಂದ ಆಗಷ್ಟೇ ತೆಗೆದ ಬ್ಯಾಟರಿ ಯಾವಾಗಲೂ ಹೀಗೆ ಜಾಸ್ತಿ ತೋರಿಸುತ್ತದೆ, ಆ ಅಂಕಿ ನಂಬಬಾರದು. ಮನೆಯಲ್ಲಿ ಯಾವ ವೈರೂ ಹಾಕದೆ ರಾತ್ರಿಯಿಡೀ ಸುಮ್ಮನೆ ಇಟ್ಟೆ. ಬೆಳಿಗ್ಗೆ 12.2. ಏನೂ ಕೆಲಸ ಮಾಡದೆ ಒಂದು ರಾತ್ರಿಗೆ ಅರ್ಧಕ್ಕೆ ಇಳಿದಿದೆ. ಗಾಡಿಗೆ ಹಾಕಿ ಸೆಲ್ಫ್ ಹೊಡೆದರೆ ಇಂಜಿನ್ ಒಂದು ಸುತ್ತು ನರಳಿ ನಿಂತಿತು, ಮೀಟರ್ ಎಂಟರ ಮೇಲೆ ಸ್ವಲ್ಪ. ಈಗ ತೀರ್ಪು ಖಚಿತ. ನಾಲ್ಕು ವರ್ಷ ದಾಟಿದ ಬ್ಯಾಟರಿ, ಬೇಸರವೇನೂ ಆಗಲಿಲ್ಲ.

ಒಳಗೆ ಆಗಿದ್ದು ಇಷ್ಟು. ಬ್ಯಾಟರಿಯಲ್ಲಿ ಒಂದು ಬಗೆಯ ಪ್ಲೇಟು ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ಗಂಧಕಾಮ್ಲ ಬೆರೆತ ನೀರು. ಕರೆಂಟ್ ಕೊಡುವಾಗ ಎರಡೂ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗಿ ವಾಪಸ್ ಹೋಗುತ್ತದೆ. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಮಾಡಿ ತೋರಿಸಿದ ಅದೇ ಆಟ ಇವತ್ತಿಗೂ ನಮ್ಮ ಸೀಟಿನ ಕೆಳಗೆ ನಡೆಯುತ್ತಿದೆ. ಬ್ಯಾಟರಿಯನ್ನು ಖಾಲಿಯಾಗಿಯೇ ವಾರಗಟ್ಟಲೆ ಬಿಟ್ಟರೆ ಮಾತ್ರ ಆ ಸಲ್ಫೇಟ್ ಹರಳುಗಟ್ಟುತ್ತದೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣ ಕಟ್ಟಿದ ಹಾಗೆ. ಆಮೇಲೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಪ್ಲೇಟಿನ ಅಷ್ಟು ಭಾಗ ಕೆಲಸಕ್ಕೆ ಬಾರದು. ಓಡಿ ಸವೆದ ಬ್ಯಾಟರಿಗಿಂತ ಹೀಗೆ ನಿಂತು ಸತ್ತ ಬ್ಯಾಟರಿಗಳೇ ನಮ್ಮ ಕಡೆ ಜಾಸ್ತಿ ಇರಬೇಕು ಅನ್ನುವುದು ನನ್ನ ಊಹೆ.

ಕೊಳ್ಳುವಾಗ

ಅಂಗಡಿಯಲ್ಲಿ ಎರಡು ಜಾತಿ ಇಟ್ಟಿರುತ್ತಾರೆ. ಒಂದು ನೀರು ಹಾಕುವಂಥದ್ದು, ಮೇಲೆ ಸಾಲಾಗಿ ಆರು ಮುಚ್ಚಳ, ಮೈಮೇಲೆ ಮೇಲಿನ ಗೆರೆ ಕೆಳಗಿನ ಗೆರೆ. ಇದಕ್ಕೆ ಅಂಗಡಿಯವರು ಆಸಿಡ್ ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಮೊದಲ ಚಾರ್ಜ್ ಮಾಡಿ ಕೊಡಬೇಕು. ಆಸಿಡ್ ಹಾಕಿ ಹಾಗೇ ಕೈಗೆ ಕೊಟ್ಟರೆ ತೆಗೆದುಕೊಳ್ಳಬೇಡಿ, ಮೊದಲ ಚಾರ್ಜ್ ಸರಿಯಾಗಿ ಆಗದಿದ್ದರೆ ಬ್ಯಾಟರಿಯ ಆಯುಷ್ಯಕ್ಕೇ ಪೆಟ್ಟು. ಆಮೇಲೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಬಾವಿ ನೀರಲ್ಲ, ಕುಡಿಯುವ ಬಾಟಲಿ ನೀರೂ ಅಲ್ಲ. ಇದರ ಪಕ್ಕದಲ್ಲಿ ಗಾಳಿ ಹೋಗುವ ತೂತಿದ್ದು ಅದಕ್ಕೊಂದು ಪೈಪ್ ಸಿಕ್ಕಿಸಿ ಚೈನಿನ ದಾರಿ ತಪ್ಪಿಸಿ ಕೆಳಕ್ಕೆ ಬಿಡಬೇಕು, ಇಲ್ಲದಿದ್ದರೆ ತೊಟ್ಟಿಕ್ಕಿದ ಆಸಿಡ್ ಚೈನ್ ತಿನ್ನುತ್ತದೆ.

ಇನ್ನೊಂದು ಸೀಲ್ ಮಾಡಿದ್ದು, ನೀರು ಹಾಕುವ ರಗಳೆ ಇಲ್ಲ. ನಮ್ಮ ಹಳೆಯದೂ ಸೀಲ್ಡ್ ಆದ್ದರಿಂದ ಅದನ್ನೇ ಆರಿಸಿದೆ. ಬೆಲೆ ಜಾಸ್ತಿ, ಆದರೆ ಅಪ್ಪ ಸೀಟ್ ಎತ್ತಿ ಗೆರೆ ನೋಡಿ ನೀರು ಹಾಕುತ್ತಾರೆ ಅನ್ನುವ ಭರವಸೆ ನನಗಿಲ್ಲ.

ಬ್ಯಾಟರಿ ಕೇಳುವಾಗ ಗಾಡಿ ಹೆಸರು ಹೇಳಿದರೆ ಕೊಡುತ್ತಾರೆ, ಆದರೂ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಉದ್ದ, ಅಗಲ, ಎತ್ತರ ಒಂದೇ ಇರಬೇಕು, ಟರ್ಮಿನಲ್ ನಮ್ಮ ಕಡೆ ಮುಖ ಮಾಡಿದಾಗ ಪ್ಲಸ್ ಅದೇ ಪಕ್ಕ ಬರಬೇಕು. ಅದೇ ಎಎಚ್ ಇದ್ದರೂ ಪ್ಲಸ್ ಇನ್ನೊಂದು ಪಕ್ಕ ಇರುವ ಬ್ಯಾಟರಿಗಳಿವೆ. ಗಾಡಿಯ ವೈರ್ ಅಲ್ಲಿವರೆಗೆ ಎಟುಕುವುದಿಲ್ಲ, ಎಳೆದು ಎಟುಕಿಸಿದರೆ ಇನ್ನೂ ಕಷ್ಟ.

ಅಂಗಡಿಯವರು "ಇದು ಇನ್ನೂ ದೊಡ್ಡದು ಸಾರ್, ಪವರ್ ಜಾಸ್ತಿ" ಅಂತ ಬೇರೆ ಒಂದನ್ನು ತೋರಿಸಿದರು. ಪೆಟ್ಟಿಗೆಯಲ್ಲಿ ಕೂರದ ಬ್ಯಾಟರಿಯನ್ನು ಹಗ್ಗ ಕಟ್ಟಿ ನಿಲ್ಲಿಸಿದ ಗಾಡಿಗಳನ್ನು ನೋಡಿದ್ದೇನೆ, ಬೇಡ ಅಂದೆ. ತಯಾರಾದ ತಿಂಗಳು ಕೇಳಿದೆ. ಬಳಸದೇ ಕೂತ ಬ್ಯಾಟರಿಯೂ ತಾನಾಗಿಯೇ ಇಳಿಯುತ್ತಿರುತ್ತದೆ, ವರ್ಷಗಟ್ಟಲೆ ಕಪಾಟಿನಲ್ಲಿದ್ದದ್ದು ಹೊಸದೆಂಬುದು ಹೆಸರಿಗೆ ಮಾತ್ರ. ಅಲ್ಲೇ ಮೀಟರ್ ಹಿಡಿದೆ, 12.7. ಅಂಗಡಿಯವರಿಗೆ ಸ್ವಲ್ಪ ನಗು ಬಂತು, ಬರಲಿ.

ವಾರಂಟಿ ಕಾರ್ಡಿಗೆ ಸೀಲು, ತಾರೀಖು, ಬ್ಯಾಟರಿ ನಂಬರ್ ಮೂರೂ ಹಾಕಿಸಿಕೊಳ್ಳಿ. 24+24 ಅಂತ ಬರೆದಿದ್ದರೆ ನಾಲ್ಕು ವರ್ಷವೂ ಪುಕ್ಕಟೆ ಅಂತಲ್ಲ. ಮೊದಲ 24 ತಿಂಗಳು ಹಾಳಾದರೆ ಬದಲಿ ಕೊಡುತ್ತಾರೆ, ಆಮೇಲಿನ 24 ತಿಂಗಳು ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತ, ದಿನ ಹೋದಂತೆ ಕಡಿತವೂ ಕಡಿಮೆ. ಹಳೇ ಬ್ಯಾಟರಿಯನ್ನು ಅಲ್ಲೇ ಕೊಟ್ಟೆ, ಬಿಲ್ಲಿನಲ್ಲಿ ಇನ್ನೂರು ಚಿಲ್ಲರೆ ಇಳಿಯಿತು. ಸೀಸಕ್ಕೆ ಯಾವಾಗಲೂ ಬೆಲೆ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಜವಾಬ್ದಾರಿ ತಯಾರಕರದು, ನೆಲದಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ. ಗುಜರಿಯವರಿಗೆ ಕೊಟ್ಟರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಸಿಗಬಹುದು, ಆದರೆ ಆಸಿಡ್ಡನ್ನು ಅವರು ಎಲ್ಲಿ ಚೆಲ್ಲುತ್ತಾರೆ ಅಂತ ಯೋಚಿಸಿ. ನಮ್ಮೂರಲ್ಲಿ ಎಲ್ಲರ ಬಾವಿಯೂ ಹಿತ್ತಲಲ್ಲೇ ಇರುವುದು.

ಜೋಡಿಸುವುದು, ಮತ್ತು ಆ ಕೆಂಪು ವೈರು

ಹೊಸ ಬ್ಯಾಟರಿಯ ನಟ್ಟು ಗೂಡಿನ ತಳದಲ್ಲಿ ಕೂತಿರುತ್ತದೆ, ಬೋಲ್ಟ್ ಅಲ್ಲಿಗೆ ಮುಟ್ಟುವುದಿಲ್ಲ, ಬೆರಳು ಹೋಗುವುದಿಲ್ಲ. ಇಲ್ಲೇ ಎಲ್ಲರೂ ಬೆವರುವುದು. ಪ್ಯಾಕಿಂಗ್ ಸ್ಪಾಂಜಿನ ಸಣ್ಣ ತುಂಡು ಕತ್ತರಿಸಿ ನಟ್ಟಿನ ಕೆಳಗೆ ತುರುಕಿದರೆ ನಟ್ಟು ಮೇಲೆದ್ದು ತೂತಿಗೆ ಸರಿಯಾಗಿ ನಿಲ್ಲುತ್ತದೆ. ಬೋಲ್ಟನ್ನು ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್. ಸೀಸ ಮೆತ್ತಗಿನ ಲೋಹ, ಜೋರು ಮಾಡಿದರೆ ಟರ್ಮಿನಲ್ ತಿರುಚಿಕೊಳ್ಳುತ್ತದೆ. ವೈರನ್ನು ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು, ಅಷ್ಟು ಬಿಗಿ ಸಾಕು.

ಚಾರ್ಜರಿನ ಕೆಂಪು ವೈರನ್ನೂ ಬೇಕೆಂದೇ ಸೇರಿಸಿಕೊಂಡು ಪ್ಲಸ್ ಬಿಗಿದೆ. ಮೈನಸ್ ಹಾಕುವ ಮೊದಲು ಒಂದು ಪರೀಕ್ಷೆ ಇತ್ತು. ಈಗ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನೂ 10 ಆಂಪಿಯರಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್‌ಗೆ, ಇನ್ನೊಂದನ್ನು ಗಾಡಿಯ ಮೈನಸ್ ವೈರಿಗೆ ಹಿಡಿದೆ. ಗಾಡಿ ಎಳೆಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದುಹೋಗಬೇಕು. ಕೀ ಜೇಬಿನಲ್ಲೇ ಇರಲಿ, ಮೀಟರ್ ಹೀಗಿದ್ದಾಗ ಯಾರಾದರೂ ಸೆಲ್ಫ್ ಒತ್ತಿದರೆ ಮೀಟರ್ ಕಥೆ ಮುಗಿಯಿತು. ಅಂಕಿ ತೀರಾ ಸಣ್ಣದಿದೆ ಅಂತ ಖಾತ್ರಿಯಾದ ಮೇಲೆ ಮಿಲಿಆಂಪಿಯರ್ ತೂತಿಗೆ ಬದಲಿಸಿದೆ.

20 ಮಿಲಿಆಂಪಿಯರ್ ಚಿಲ್ಲರೆ.

ಕೀ ಆಫ್, ಲೈಟ್ ಆಫ್, ಮೊಬೈಲ್ ಸಿಕ್ಕಿಸಿಲ್ಲ, ಆದರೂ ಇಷ್ಟು ಹೋಗುತ್ತಿದೆ. ಚಾರ್ಜರಿನ ವೈರ್ ಬಿಡಿಸಿದ ಕೂಡಲೇ ಅಂಕಿ ಒಂದಕ್ಕಿಂತ ಕೆಳಗೆ ಇಳಿಯಿತು. ಹ್ಯಾಂಡಲ್ ಹತ್ತಿರ ಹೋಗಿ ಚಾರ್ಜರಿನ ರಬ್ಬರ್ ಮುಚ್ಚಳ ತೆಗೆದು ನೋಡಿದರೆ ಒಳಗೊಂದು ನೀಲಿ ಎಲ್‌ಇಡಿ. ವೈರ್ ಮತ್ತೆ ಮುಟ್ಟಿಸಿದರೆ ಹತ್ತುತ್ತದೆ. ಮುಚ್ಚಳ ಹಾಕಿದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ, ಹಗಲೂ ರಾತ್ರಿ ಉರಿಯುತ್ತಲೇ ಇತ್ತು.

20 ಮಿಲಿಆಂಪಿಯರ್ ಏನು ಮಹಾ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. 0.02 ಆಂಪಿಯರ್, 24 ಗಂಟೆ, ದಿನಕ್ಕೆ 0.48 ಎಎಚ್. 9 ಎಎಚ್ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಹತ್ತೊಂಬತ್ತು ದಿನಕ್ಕೆ ಖಾಲಿ. ಸೆಲ್ಫ್ ಎತ್ತದಿರುವುದಕ್ಕೆ ಅಷ್ಟು ದಿನವೂ ಬೇಕಿಲ್ಲ, ಅರ್ಧದಷ್ಟು ಹೋದರೆ ಸಾಕು. ಡೇರಿಗೆ ಹೋಗಿ ಬರುವ ಐದು ನಿಮಿಷದಲ್ಲಿ ಅಷ್ಟನ್ನು ವಾಪಸ್ ತುಂಬುವುದು ಆಗದ ಮಾತು, ಸೆಲ್ಫ್ ಹೊಡೆದದ್ದು ಬೇರೆ ಲೆಕ್ಕ. ಖಾಲಿ ಬ್ಯಾಟರಿ ಖಾಲಿಯಾಗಿಯೇ ಮಳೆಗಾಲ ಕಳೆಯಿತು, ಸಲ್ಫೇಟ್ ಹರಳುಗಟ್ಟಿತು. ಜಿಪಿಎಸ್, ಅಲಾರಂ, ಬ್ಯಾಟರಿಯಿಂದ ನೇರ ಎಳೆದ ಫಾಗ್ ಲೈಟ್ ಏನಾದರೂ ಹಾಕಿಸಿದ್ದರೆ ಈ ಪರೀಕ್ಷೆ ನೀವೂ ಮಾಡಿ.

ಚಾರ್ಜರಿನ ವೈರ್ ಬಿಟ್ಟು ಉಳಿದದ್ದೆಲ್ಲ ಬಿಗಿದೆ. ಕೊನೆಗೆ ಮೈನಸ್ ಹಾಕುವಾಗ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಿಡಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಚಟ್ ಅಂತ ದೊಡ್ಡದಾಗಿ ಬಂದರೆ ತಕ್ಷಣ ತೆಗೆದುಬಿಡಿ. ಕೀ ಆನ್ ಇದೆ, ಇಲ್ಲ ಎಲ್ಲೋ ಶಾರ್ಟ್ ಇದೆ, ಇಲ್ಲ ಪ್ಲಸ್ ಮೈನಸ್ ಅದಲುಬದಲಾಗಿದೆ. ಅದಲುಬದಲಾದರೆ ಫ್ಯೂಸ್ ಹೋಗುವುದು ಪುಣ್ಯ, ಫ್ಯೂಸ್ ಉಳಿದು, ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋದರೆ ಜೇಬಿಗೆ ಬೆಂಕಿ. ಬೋಲ್ಟಿನ ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದೆ, ನಮ್ಮ ಕಡೆಯ ಥಂಡಿಗೆ ಇದು ಬೇಕೇ ಬೇಕು. ಬಿಗಿದ ಮೇಲೆ ಸವರಬೇಕು, ಮೊದಲೇ ನಡುವೆ ಮೆತ್ತುವುದಲ್ಲ. ಪ್ಲಸ್ ಮೇಲೆ ಕೆಂಪು ರಬ್ಬರ್ ಟೋಪಿ, ಬ್ಯಾಟರಿಗೆ ಅಡ್ಡ ಪಟ್ಟಿ. ಪಟ್ಟಿ ಸಡಿಲ ಇದ್ದರೆ ನಮ್ಮ ರಸ್ತೆಯ ಗುಂಡಿಗಳಿಗೆ ಪ್ಲೇಟ್ ಉದುರುತ್ತದೆ.

ಸೆಲ್ಫ್ ಒತ್ತಿದೆ. ಒಂದೇ ಏಟಿಗೆ ಸ್ಟಾರ್ಟ್.

ಆದರೂ ಸೀಟ್ ಹಾಕಬೇಡಿ, ಕೊನೆಯದೊಂದು ಅಳತೆ ಇದೆ. ಮೀಟರನ್ನು ಮತ್ತೆ ವೋಲ್ಟ್ ತೂತಿಗೆ ಬದಲಿಸಿ, ಗುಂಡಿಯನ್ನು 20 ವೋಲ್ಟಿಗೆ ತಂದು ಟರ್ಮಿನಲ್‌ಗೆ ಹಿಡಿದು ಆಕ್ಸಿಲರೇಟರ್ ಕೊಡಿ. ನಮ್ಮದು ಐಡಲ್‌ನಲ್ಲಿ 13ರ ಆಸುಪಾಸು, 4000 ಆರ್‌ಪಿಎಮ್‌ನಲ್ಲಿ 14.1, ಹೆಡ್‌ಲೈಟ್ ಹಾಕಿದರೂ ಹೆಚ್ಚೇನೂ ಇಳಿಯಲಿಲ್ಲ. 13.5ರಿಂದ 14.5ರ ಒಳಗಿದ್ದರೆ ಗಾಡಿ ಬ್ಯಾಟರಿಯನ್ನು ಸರಿಯಾಗಿ ತುಂಬುತ್ತಿದೆ ಅಂತ. ಎಷ್ಟು ರೈಸ್ ಮಾಡಿದರೂ 12ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಹೊಸ ಬ್ಯಾಟರಿಯನ್ನು ಬೇಯಿಸಿಬಿಡುತ್ತದೆ. ಎರಡಕ್ಕೂ ಗ್ಯಾರೇಜೇ ಗತಿ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ಚಾರ್ಜ್ ಆಗ್ತಿದ್ಯಾ ನೋಡಣ" ಅನ್ನುವ ಹಳೇ ಕಾಲದ ಪರೀಕ್ಷೆ ಮಾತ್ರ ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಎಗರಿ ಬಲ್ಬು, ಮೀಟರ್ ಬೋರ್ಡು ಹೋಗಬಹುದು. ಇಂಜೆಕ್ಷನ್ ಗಾಡಿಯಾದರೆ ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಕೂಡ.

ಚಾರ್ಜರ್ ಬೇಕೇ ಬೇಕು ಅಂದರು ಅಪ್ಪ. ತೋಟದಿಂದ ಬರುವಾಗ ಫೋನ್ ಸತ್ತಿರುತ್ತದಂತೆ. ಸರಿ, ಗ್ಯಾರೇಜಿಗೆ ಒಯ್ದು, ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ಒಂದು ವೈರನ್ನು ಮೀಟರಿನಲ್ಲಿ ಹುಡುಕಿ, ನಡುವೆ 2 ಆಂಪಿಯರ್ ಫ್ಯೂಸ್ ಹಾಕಿಸಿ, ಅಲ್ಲಿಂದ ಕೊಡಿಸಿದೆ. ಗ್ಯಾರೇಜಿನ ಅಣ್ಣ "ಡೈರೆಕ್ಟ್ ಕೊಟ್ರೂ ಏನಾಗಲ್ಲ ಮಾರಾಯ, ಎಲ್ರೂ ಹಂಗೇ ಹಾಕಿಸ್ಕೊಂಡಿದಾರೆ" ಅಂದರು. ಮೀಟರ್ ತೋರಿಸಿದೆ. ಆಮೇಲೆ ಅವರು ಅಲ್ಲೇ ನಿಂತಿದ್ದ ಇನ್ನೊಂದು ಗಾಡಿಯ ಸೀಟ್ ಎತ್ತಿ, ಇದನ್ನೂ ನೋಡು ಅಂದರು. ಅದು 35 ತೋರಿಸಿತು, ಜಿಪಿಎಸ್ ಇತ್ತು.